ಹತ್ತಿ ಯಾವ ಕಾಲಮ್ಮಿಗೆ?

ನಾಗಪುರದ ನಮ್ಮ ಮನೆಯಲ್ಲಿ ಒಂಬತ್ತನೇ ತರಗತಿಯ ಮಗಳು ಕಿತ್ತಳೆ ಸುಲಿಯುತ್ತಾ ಪರೀಕ್ಷೆಗೆ ಓದುತ್ತಿದ್ದಳು. ಸಸ್ಯಗಳ ಸರಳ ಶಾಶ್ವತ ಅಂಗಾಂಶಗಳು ಮೂರು: ಪೇರೆಂಕೈಮ, ಕೋಲೆಂಕೈಮ, ಸ್ಕ್ಲೀರೆಂಕೈಮ. ಮೂರು ಕಾಲಮ್ಮಿನ ವ್ಯತ್ಯಾಸದ ಪಟ್ಟಿ. "ಅಪ್ಪಾ, ಹತ್ತಿ ಇದರಲ್ಲಿ ಯಾವುದು?" ಎಂದಳು. ನಾರಲ್ಲವೇ, ಸ್ಕ್ಲೀರೆಂಕೈಮ ಎಂದುಬಿಟ್ಟೆ. ಅನುಮಾನ ಬಂದು ಹುಡುಕಿದರೆ ಉತ್ತರ ತಪ್ಪು. ಜೊತೆಗೆ ಆ ಪಟ್ಟಿಯ ಇತಿಹಾಸವೂ ಸಿಕ್ಕಿತು.

ಒಂದೇ ಕೂತಿನಲ್ಲಿ ಬರೆದಂತೆ ಕಾಣುವ ಆ ಮೂರು ಹೆಸರುಗಳು ಕೂಡಿಬರಲು 193 ವರ್ಷ ಹಿಡಿದಿದೆ.

ಇಂಗ್ಲೆಂಡಿನ ವೈದ್ಯ ನೆಹೆಮಿಯಾ ಗ್ರೂ 1672ರ ತನ್ನ ಪುಸ್ತಕದಲ್ಲಿ, ಪ್ರಾಣಿಗಳ ಒಳಾಂಗಗಳ ತಿರುಳಿಗೆ ವೈದ್ಯರು ಬಳಸುತ್ತಿದ್ದ ಪೇರೆಂಕೈಮ ಎಂಬ ಪದವನ್ನು ಗಿಡದ ಮೆತ್ತನೆಯ ಭಾಗಕ್ಕೂ ಬಳಸಿದ. ಗಿಡದ ಒಳರಚನೆಯನ್ನು ಹೆಂಗಸರು ಹೆಣೆಯುವ ಲೇಸಿಗೆ ಹೋಲಿಸಿದವನೂ ಅವನೇ. ತೆಳು ಗೋಡೆಯ, ನಡುವೆ ಗಾಳಿಯ ಸಂದುಗಳಿರುವ ಜೀವಂತ ಕೋಶಗಳಿವು. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರ ಇಂಥದ್ದೇ.

ಕೋಲೆಂಕೈಮ ಎಂಬ ಹೆಸರು ಬಂದದ್ದು 1839ರಲ್ಲಿ, ಜರ್ಮನಿಯ ಶ್ಲೈಡನ್‌ನಿಂದ. ಇಲ್ಲಿ ಕೋಶದ ಗೋಡೆ ಮುಖ್ಯವಾಗಿ ಮೂಲೆಗಳಲ್ಲಿ ದಪ್ಪ, ಆದರೂ ಕೋಶ ಜೀವಂತ. ಕುಂಬಳಬಳ್ಳಿಯ ಎಳೆ ದಂಟು ಬಾಗಿಯೂ ಮುರಿಯದಿರುವುದರಲ್ಲಿ ಇದರ ಪಾಲಿದೆ. ಗಿಡ ಬೆಳೆದಂತೆ ತಾನೂ ಹಿಗ್ಗುತ್ತದೆ.

1865ರಲ್ಲಿ ಮೆಟ್ಟೇನಿಯಸ್ ಸ್ಕ್ಲೀರೆಂಕೈಮ ಎಂಬ ಹೆಸರು ಕೊಟ್ಟ. ಲಿಗ್ನಿನ್ ತುಂಬಿ ಗಟ್ಟಿಯಾದ, ಬಲಿತ ಮೇಲೆ ಸಾಮಾನ್ಯವಾಗಿ ಸತ್ತಿರುವ ಕೋಶಗಳಿವು. ಸೆಣಬಿನ ನಾರು, ತೆಂಗಿನ ಕರಟ, ಸೀಬೆಹಣ್ಣಿನಲ್ಲಿ ಹಲ್ಲಿಗೆ ಸಿಗುವ ಮರಳಿನಂಥ ಕಣ ಇದೇ ಜಾತಿ.

ಹೆಸರಿಟ್ಟಾಯಿತು, ಇವುಗಳ ಕೆಲಸವೇನು? 1874ರಲ್ಲಿ ಸ್ವಿಟ್ಜರ್ಲೆಂಡಿನ ಶ್ವೆಂಡನರ್, ಎಂಜಿನಿಯರು ತೊಲೆಗಳನ್ನು ಜೋಡಿಸಿದಂತೆ ಗಿಡವೂ ಗಟ್ಟಿ ಅಂಗಾಂಶಗಳನ್ನು ಜೋಡಿಸಿಕೊಂಡಿದೆ ಎಂದು ತೋರಿಸಿದ. ಅದೇ ವರ್ಷ ಜಮ್ಶೆಟ್‌ಜಿ ಟಾಟಾ ನಾಗಪುರದ ಹತ್ತಿ ಗಿರಣಿಗಾಗಿ ಕಂಪನಿ ಕಟ್ಟಿದರು. 1877ರ ಜನವರಿ 1ರಂದು ಎಂಪ್ರೆಸ್ ಮಿಲ್ಸ್ ಶುರುವಾಯಿತು.

ಆ ಗಿರಣಿ ನೂತ ಹತ್ತಿಗೆ ಪಟ್ಟಿಯ ಮೂರು ಕಾಲಮ್ಮಿನಲ್ಲೂ ಜಾಗವಿಲ್ಲ. ಅದು ಬೀಜದ ಹೊರಪದರದಿಂದ ಬೆಳೆದ ರೋಮ. ಒಂದೊಂದು ಎಳೆಯೂ ಒಂದೇ ಕೋಶ. ಬಹುಪಾಲು ಸೆಲ್ಯುಲೋಸ್, ಸೆಣಬಿನ ಹಾಗೆ ಲಿಗ್ನಿನ್ ತುಂಬಿಲ್ಲ. ಅದಕ್ಕೇ ಇದು ಅಂಗಿಯಾಯಿತು, ಅದು ಗೋಣಿಚೀಲವಾಯಿತು.

ಮಗಳಿಗೆ ಉತ್ತರ ತಿದ್ದಿ ಹೇಳಿದೆ. "ಹಾಗಾದರೆ ಪಟ್ಟಿ ತಪ್ಪಾ?" ಎಂದಳು. ಪಟ್ಟಿ ಸರಿಯೇ ಇದೆ ಮಗಾ, ನಾರೆಲ್ಲ ಒಂದೇ ಅಂದುಕೊಂಡ ನಾನು ತಪ್ಪಿದೆ ಎಂದೆ. ಅವಳು ಪಟ್ಟಿಯ ಕೆಳಗೆ ಪೆನ್ಸಿಲ್ಲಿನಲ್ಲಿ 'ಹತ್ತಿ' ಎಂದು ಬರೆದು ಸುತ್ತಲೂ ಗೆರೆ ಎಳೆದಳು.