ಮಧ್ಯಯುಗದ ಜರ್ಮನಿಯ ಚರ್ಚ್ ನಾಣ್ಯಗಳು

ಮಧ್ಯಯುಗದ ಜರ್ಮನಿಯಲ್ಲಿ ಬಿಷಪ್‌ಗಳು, ಆರ್ಚ್‌ಬಿಷಪ್‌ಗಳು, ಮಠಾಧಿಪತಿಗಳು, ಮಠಾಧ್ಯಕ್ಷೆಯರು ಹೊರಡಿಸಿದ ನಾಣ್ಯಗಳಿವು, ಹೆಚ್ಚಾಗಿ ಬೆಳ್ಳಿಯವು. ನಾಣ್ಯ ಟಂಕಿಸುವುದು ಮೂಲತಃ ರಾಜನ ಹಕ್ಕು. 833ರಲ್ಲಿ ಚಕ್ರವರ್ತಿ ಲೂಯಿ ಅದನ್ನು ಕೊರ್ವೈ ಮಠಕ್ಕೆ ಕೊಟ್ಟ. 994ರಲ್ಲಿ ರಾಜ ಮೂರನೆಯ ಒಟ್ಟೊ ಕ್ವೆಡ್ಲಿನ್‌ಬುರ್ಗ್‌ನ ಮಠಾಧ್ಯಕ್ಷೆಯಾಗಿದ್ದ ತನ್ನ ಸೋದರತ್ತೆ ಮಟಿಲ್ಡಾಗೆ ಸಂತೆ, ಸುಂಕ, ಟಂಕಸಾಲೆ ಮೂರನ್ನೂ ಒಟ್ಟಿಗೇ ಬಿಟ್ಟುಕೊಟ್ಟ. ಇವು ಬರೀ ಭಕ್ತಿಯ ದಾನಗಳಲ್ಲ. ಸಂತೆಯಲ್ಲಿ ಯಾವ ನಾಣ್ಯ ನಡೆಯಬೇಕೆಂದು ಹೇಳುವವನೇ ಆ ಊರಿನ ಒಡೆಯ. ಟಂಕಸಾಲೆಯ ಜೊತೆಗೆ ಆಳ್ವಿಕೆಯೂ ತುಸುತುಸುವಾಗಿ ಕೈಬದಲಾಯಿತು. ಬಿಷಪ್‌ಗಳು ರಾಜನೇ ನೇಮಿಸಿದವರು, ವಾರಸುದಾರರಿಲ್ಲದವರು, ಆದ್ದರಿಂದ ಹಕ್ಕು ರಾಜನ ಕೈಬಿಟ್ಟು ಹೋದದ್ದೆಲ್ಲಿಗೆ ಎಂಬ ಆಕ್ಷೇಪವುಂಟು. ಹತ್ತನೆಯ ಶತಮಾನದ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ಬಿಷಪ್ ಸತ್ತರೂ ಪೀಠ ಸಾಯುವುದಿಲ್ಲ. ಬಿಷಪ್‌ಗಳ ನೇಮಕದ ಕುರಿತು ಚಕ್ರವರ್ತಿ ಮತ್ತು ಪೋಪ್ ಮಾಡಿಕೊಂಡ 1122ರ ವರ್ಮ್ಸ್ ಒಪ್ಪಂದದ ನಂತರ ನೇಮಕದ ಮೇಲೆ ರಾಜನ ಹಿಡಿತ ಸಡಿಲವಾಯಿತು, ಟಂಕಸಾಲೆ ಮಾತ್ರ ಪೀಠದಲ್ಲೇ ಉಳಿಯಿತು. ಮುಂದೆ ಟಂಕಸಾಲೆಯ ಜಗಳದಲ್ಲಿ ಚಕ್ರವರ್ತಿ ಬರೀ ಮಧ್ಯಸ್ಥನಾದದ್ದೂ ಉಂಟು: 1158ರಲ್ಲಿ ಡ್ಯೂಕ್ ಹೆನ್ರಿ ಫ್ರೈಸಿಂಗ್ ಬಿಷಪ್‌ನ ಸಂತೆ, ಸೇತುವೆ, ಟಂಕಸಾಲೆಗಳನ್ನು ಓಬರ್‌ಫೋರಿಂಗ್‌ನಿಂದ ಕಿತ್ತು ಮ್ಯೂನಿಕ್‌ಗೆ ಒಯ್ದಾಗ ಚಕ್ರವರ್ತಿ ಬಾರ್ಬರೋಸ ಅದನ್ನು ತಡೆಯಲಿಲ್ಲ; ಆದಾಯದ ಮೂರರಲ್ಲಿ ಒಂದು ಪಾಲನ್ನು ಬಿಷಪ್‌ಗೆ ಕೊಡಿಸಿ ಜಗಳ ಮುಗಿಸಿದ. ಆ ಬಿಷಪ್ ಒಟ್ಟೊ ಅವನ ಚಿಕ್ಕಪ್ಪನೇ!

ಹನ್ನೆರಡನೆಯ ಶತಮಾನದ ಬ್ರಾಕ್ಟಿಯೇಟ್ ನಾಣ್ಯ ಕಾಗದದಷ್ಟು ತೆಳು. ಒಂದೇ ಕಡೆ ಒತ್ತಿದ ಅಚ್ಚು ಹಿಂಬದಿಯಲ್ಲಿ ತಗ್ಗಾಗಿ ಕಾಣುತ್ತದೆ. ಹಾಲ್ಬರ್‌ಸ್ಟಾಟ್‌ನ ಬಿಷಪ್ ಉಲ್ರಿಚ್‌ನ ನಾಣ್ಯದಲ್ಲಿ ಕಲ್ಲೇಟು ತಿನ್ನುತ್ತಿರುವ ಸಂತ ಸ್ಟೀಫನ್ ಇದ್ದಾನೆ, ಕ್ವೆಡ್ಲಿನ್‌ಬುರ್ಗ್‌ನದರಲ್ಲಿ ಪೀಠವೇರಿ ಕುಳಿತ ಮಠಾಧ್ಯಕ್ಷೆ. ಈ ಎರಡರಲ್ಲೂ ರಾಜನ ಮುಖವಿಲ್ಲ. ಇಷ್ಟಾಗಿಯೂ ಚಿತ್ರಕ್ಕೆ ಅತಿಯಾದ ಅರ್ಥ ಹಚ್ಚಬಾರದು, ಇದೆಲ್ಲ ಲಾಭದ ವ್ಯವಹಾರ ಎನ್ನುವವರಿದ್ದಾರೆ. ಲಾಭವಂತೂ ನಿಜ: ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ವಿಚ್‌ಮನ್ ವರ್ಷಕ್ಕೆ ಎರಡು ಸಲ ಹಳೆಯ ನಾಣ್ಯ ರದ್ದುಮಾಡಿ, 12 ಹಳೆಯವಕ್ಕೆ 9 ಹೊಸವನ್ನು ಕೊಡುತ್ತಿದ್ದ. ಆದರೆ ಕೈಯಲ್ಲಿರುವ ಬೆಳ್ಳಿಯ ಕಾಲುಭಾಗವನ್ನು ವ್ಯಾಪಾರಿಗಳು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಹಳೆಯ ನಾಣ್ಯ ಸಂತೆಯಲ್ಲಿ ನಡೆಯದಂತೆ ನೋಡಿಕೊಳ್ಳುವ ಅಧಿಕಾರ, ಶಿಕ್ಷಿಸುವ ಬಲ ಇದ್ದಲ್ಲಿ ಮಾತ್ರ ಈ ಲಾಭ. ಅದು ಹೆಸರಿಲ್ಲದ ತೆರಿಗೆ, ಮತ್ತು ತೆರಿಗೆ ಎತ್ತುವವನು ಅರಸನೇ. 1220ರಲ್ಲಿ ರಾಜ ಎರಡನೆಯ ಫ್ರೆಡರಿಕ್ ಇದನ್ನು ಬರಹದಲ್ಲೇ ಒಪ್ಪಿಕೊಂಡ: ಚರ್ಚಿನ ಅರಸರ ಸೀಮೆಯಲ್ಲಿ ಅವರ ಸಮ್ಮತಿಯಿಲ್ಲದೆ ಹೊಸ ಟಂಕಸಾಲೆ ತೆರೆಯುವುದಿಲ್ಲವೆಂದು ಮಾತುಕೊಟ್ಟ. ತನ್ನ ಮಗನನ್ನು ಅವರು ರಾಜನಾಗಿ ಆರಿಸಿದ್ದಕ್ಕೆ ತೆತ್ತ ಬೆಲೆಯದು. 1386ರಲ್ಲಿ ರೈನ್ ತೀರದ ನಾಣ್ಯ ಒಕ್ಕೂಟ ಚಿನ್ನದ ಗುಲ್ಡನ್ನಿನ ತೂಕ, ಶುದ್ಧತೆ ಗೊತ್ತುಮಾಡಿದಾಗ, ಸಹಿದಾರ ನಾಲ್ವರಲ್ಲಿ ಮೂವರು ಮೈನ್ಜ್, ಕಲೋನ್, ಟ್ರಿಯರ್‌ನ ಆರ್ಚ್‌ಬಿಷಪ್‌ಗಳು.