ಪಂಚಮಿ ಜೋಕಾಲಿ ಮತ್ತು ತೇಜಸ್

ಹುಬ್ಬಳ್ಳಿ-ಧಾರವಾಡ ಬಿಟ್ಟು ಬೆಂಗಳೂರು ಸೇರಿದ ನಮ್ಮ ಮಂದಿ ಸುರಂಜನ್ ದಾಸ್ ರೋಡಿನ ಟ್ರಾಫಿಕ್ಕಿಗೆ ದಿನಾ ಬೈತಾರ. ದಾಸ್ ಯಾರು ಅಂತ ಕೇಳಿದ್ರ ಸುಮ್ಮನಾಗ್ತಾರ. ಎಚ್‌ಎಎಲ್ ಕಟ್ಟಿದ ಮಾರುತ್ ಫೈಟರನ್ನು 1961ರ ಜೂನ್‌ನಲ್ಲಿ ಮೊದಲ ಸಲ ಹಾರಿಸಿದ ಪೈಲಟ್ ಅವರು. 1970ರ ಜನವರಿಯಲ್ಲಿ ಮಾರುತ್ ಪರೀಕ್ಷೆಯಲ್ಲೇ ಪ್ರಾಣ ಬಿಟ್ಟರು.

ಹೊಸ ವಿಮಾನ ಹತ್ತುವವನಿಗೆ ಒಂದು ಪ್ರಶ್ನೆ ಇದ್ದೇ ಇರುತ್ತೆ. ಗಾಳಿಯ ಹೊಡೆತಕ್ಕೆ ಮೂಗು ಮೇಲೆದ್ದರೆ ಅದು ತಾನಾಗಿ ಇಳಿಯುತ್ತಾ? ಇಳಿದರೂ ಸಾಲದು, ತೂಗಾಟ ನಿಲ್ಲಬೇಕು. ನಾಗರ ಪಂಚಮಿ ಜೋಕಾಲಿ ನೆನಪು ಮಾಡ್ಕೊಳ್ರಿ. ಒಮ್ಮೆ ತಳ್ಳಿ ಬಿಟ್ಟರೆ ಮೆಲ್ಲಗೆ ನಿಲ್ತದ. ನಿಲ್ಲೋ ಬದಲು ಪ್ರತಿ ಸಲ ಇನ್ನಷ್ಟು ಎತ್ತರಕ್ಕೆ ಹೋದ್ರ? ವಿಮಾನದಲ್ಲಿ ಇದೇ ಡೈನಾಮಿಕ್ ಸ್ಟೆಬಿಲಿಟಿಯ ಪ್ರಶ್ನೆ.

ವಿಂಡ್ ಟನಲ್‌ನಲ್ಲಿ ಅಲುಗದಂತೆ ಬಿಗಿದ ಮಾದರಿ ಇದಕ್ಕೆ ಅರ್ಧ ಉತ್ತರವನ್ನಷ್ಟೇ ಕೊಡುತ್ತೆ. ಮಾರುತ್ ಕಾಲದವರು ಪೂರ್ಣ ಗಾತ್ರದ ಮರದ ಗ್ಲೈಡರನ್ನೇ ಕಟ್ಟಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಸಿ, ಆಕಾಶದಲ್ಲಿ ಬಿಟ್ಟರು. ಎಂಜಿನ್ ಇಲ್ಲ, ಒಳಗೆ ಮಾತ್ರ ಮನುಷ್ಯರು! ಹಂಗ ಎಪ್ಪತ್ತಕ್ಕೂ ಹೆಚ್ಚು ಸಲ.

ತೇಜಸ್ ಕಥೆ ಇನ್ನೂ ವಿಚಿತ್ರ. ಚುರುಕಾಗಿ ತಿರುಗಲಿ ಅಂತ ಅದನ್ನು ಬೇಕಂತಲೇ ಅಸ್ಥಿರವಾಗಿ ಮಾಡಿದಾರ. ಮೂಗು ಎದ್ದರೆ ಇನ್ನೂ ಏಳತದ. ಅದನ್ನ ಹಿಡಿದು ನಿಲ್ಲಿಸೋದು ಕಂಪ್ಯೂಟರ್. ಆ ಪ್ರೋಗ್ರಾಂ ಬರೆಯುವವರಿಗೆ ತೂಗಾಟವನ್ನು ತಗ್ಗಿಸುವ ಬಲ ಎಷ್ಟು ಅನ್ನೋ ಅಂಕಿ ಮೊದಲೇ ಬೇಕು.

ಇಲ್ಲಿ ಸಿಎಫ್‌ಡಿ ಕೆಲಸಕ್ಕೆ ಬರುತ್ತೆ. ವಿಮಾನದ ಸುತ್ತಲಿನ ಗಾಳಿಯನ್ನು ಲಕ್ಷಾಂತರ ಸಣ್ಣ ಕೋಣೆಗಳಾಗಿ ಒಡೆದು, ಒಂದೊಂದರಲ್ಲೂ ಹರಿವಿನ ಲೆಕ್ಕ ಹಾಕ್ತಾರೆ. ವಿಮಾನವನ್ನು ಲೆಕ್ಕದೊಳಗೇ ಒಂದೆರಡು ಡಿಗ್ರಿ ಮೇಲೆ-ಕೆಳಗೆ ತೂಗಿಸ್ತಾರೆ. ಗಾಳಿಯ ಒತ್ತಡ ತೂಗಾಟಕ್ಕೆ ಎದುರು ನಿಂತರೆ ತೂಗಾಟ ತಗ್ಗುತ್ತೆ, ಜೊತೆಗೂಡಿದರೆ ಬೆಳೆಯುತ್ತೆ. ಇಂಥ ಲೆಕ್ಕಕ್ಕೆ ದೊಡ್ಡ ಕಂಪ್ಯೂಟರ್ ಬೇಕು. ಹೊರದೇಶದಿಂದ ತರಿಸೋದು ಕಷ್ಟವಿದ್ದ 1986ರಲ್ಲಿ ಬೆಂಗಳೂರಿನ ಎನ್‌ಎಎಲ್ ಸ್ವಂತದ್ದೇ ಪ್ಯಾರಲಲ್ ಕಂಪ್ಯೂಟರ್ ಕಟ್ಟಿತು. ಹೆಸರು ಫ್ಲೋಸಾಲ್ವರ್, ಹರಿವು ಬಿಡಿಸುವವ. (ಇಷ್ಟು ಸೀದಾ ಹೆಸರಿಟ್ಟ ಸರ್ಕಾರಿ ಯಂತ್ರ ನಾ ಇನ್ನೊಂದು ನೋಡಿಲ್ಲ.)

ಹಂಗಂತ ಲೆಕ್ಕವೇ ದೇವರಲ್ಲ. ಮೂಗು ಬಹಳ ಮೇಲೆದ್ದಾಗ ರೆಕ್ಕೆ ಮೇಲಿನ ಗಾಳಿ ಸುಳಿಸುಳಿಯಾಗಿ ಕಿತ್ತು ಹೋಗುತ್ತೆ. ಅಲ್ಲಿ ಸಿಎಫ್‌ಡಿ ಈಗಲೂ ತಡವರಿಸುತ್ತೆ.

1998ರ ಪೋಖ್ರಾನ್ ಸ್ಫೋಟದ ನಂತರ, ತೇಜಸ್ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸ್ ಕಳಿಸಿದರು. ಉಳಿದ ಕೆಲಸ ಇಲ್ಲೇ ಮುಗೀತು. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ತೇಜಸ್ಸನ್ನು ಬೆಂಗಳೂರಿನ ಮೇಲೆ 18 ನಿಮಿಷ ಹಾರಿಸಿ ಇಳಿಸಿದರು. ಆಮೇಲಿನ ಹಾರಾಟಗಳಲ್ಲಿ ಸಿಕ್ಕ ಅಂಕಿಗಳನ್ನು ಹಳೆಯ ಅಂದಾಜಿನ ಪಕ್ಕ ಇಟ್ಟು, ತಪ್ಪಿದ್ದಲ್ಲಿ ತಿದ್ದುತ್ತಾ ಹೋದರು.