ಬಾಕ್ಸರ್‌ಗೆ ವಂಶಾವಳಿ, ಕಾಳಿಗೆ ವೀರಗಲ್ಲು

ಬಾಕ್ಸರ್ ನಾಯಿಯ ಮೂಲ ಹಂದಿ ಬೇಟೆ ಅಂದ್ರೆ, ಅದನ್ನ ಸೋಫಾ ಮೇಲೆ ಮಲಗಿಸ್ಕೊಂಡಿರೋ ಬೆಂಗಳೂರಿನವರು ನಂಬೋದು ಕಷ್ಟ.

ಜರ್ಮನಿಯಲ್ಲಿ ಹಿಂದೆ ಬುಲೆನ್‌ಬೈಸರ್ ಅನ್ನೋ ನಾಯಿಗಳಿದ್ದವು. ಗೂಳಿ ಕಚ್ಚೋದು ಅಂತ ಆ ಹೆಸರಿನ ಅರ್ಥ. ಕಾಡುಹಂದಿಯನ್ನ ಅಟ್ಟಿಸಿಕೊಂಡು ಹೋಗಿ, ಯಜಮಾನ ಬರೋವರೆಗೂ ಬಾಯಿ ಬಿಡದೆ ಕಚ್ಚಿ ಹಿಡಿದಿರೋದು ಅವುಗಳ ಕೆಲಸ. ಬೇಟೆ ಕಮ್ಮಿಯಾದ ಮೇಲೆ ಕಸಾಯಿಗಳ, ದನದ ವ್ಯಾಪಾರಿಗಳ ಹತ್ತಿರ ಬದುಕಿಕೊಂಡವು. 19ನೇ ಶತಮಾನದ ಕೊನೆಯಲ್ಲಿ ಮ್ಯೂನಿಕ್‌ನ ಕೆಲವರು ಇವನ್ನ ಇಂಗ್ಲೆಂಡಿನ ಬುಲ್‌ಡಾಗ್ ಜೊತೆ ಕೂಡಿಸಿದರು. 1902ರಲ್ಲಿ ಬಾಕ್ಸರ್ ಹೇಗಿರಬೇಕು ಅನ್ನೋ ಮಾನದಂಡವೂ ಅಚ್ಚಾಯಿತು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಸ್ಪೆಕ್ ಫ್ರೀಜ್ ಆಯ್ತು. ಮೂಲದ ಬುಲೆನ್‌ಬೈಸರ್ ಮಾತ್ರ ಕಾಣೆಯಾಯಿತು.

ಅಗಲ ಎದೆ, ತುಂಡು ಕೂದಲು, ಮೋಟು ಮೂತಿ, ಮುಂದಕ್ಕೆ ಚಾಚಿದ ಕೆಳದವಡೆ. ಹಿಡಿದಿದ್ದನ್ನ ಬಿಡದ ಕಸುಬಿನ ಗುರುತು ಆ ದವಡೆ. ಮನೆಯವರ ಮೇಲೆ, ಅದರಲ್ಲೂ ಮಕ್ಕಳ ಮೇಲೆ ಬಲು ಪ್ರೀತಿ. ವಯಸ್ಸಾದ್ರೂ ಮರಿ ಬುದ್ಧಿ ಹೋಗೋಲ್ಲ. ಆದರೆ ನಾಯಿ ಮೈ ತಣಿಸಿಕೊಳ್ಳೋದು ತೇಕಿ ತಾನೇ? ಮೋಟು ಮೂತಿಯಲ್ಲಿ ಅದು ಸರಿಯಾಗಿ ಆಗಲ್ಲ. ಏಪ್ರಿಲ್ ಮಧ್ಯಾಹ್ನ ಇದನ್ನ ವಾಕಿಂಗ್ ಕರ್ಕೊಂಡು ಹೋಗೋರನ್ನ ಕಂಡ್ರೆ ನನಗೆ ಸಿಟ್ಟೇ ಬರುತ್ತೆ.

ಈಗ ನಮ್ಮ ಕಡೆಗೆ ಬರೋಣ. ನನ್ನೂರು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣ. ಪಕ್ಕದ್ದು ಮದ್ದೂರು ತಾಲ್ಲೂಕು. ಅಲ್ಲಿನ ಆತಕೂರಿನಲ್ಲಿ, ಬಾಕ್ಸರ್‌ಗಿಂತ ಒಂಬತ್ತೂವರೆ ಶತಮಾನ ಮೊದಲೇ, ಹಂದಿ ಹಿಡಿದ ನಾಯಿಗೊಂದು ಕಲ್ಲು ನಿಲ್ಲಿಸಿದ್ದರು.

ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನ ಸೋಲಿಸಿದ. ಚೋಳ ರಾಜಕುಮಾರ ರಾಜಾದಿತ್ಯ ಆನೆ ಮೇಲೇ ಸತ್ತ. ಕೃಷ್ಣನ ಪರ ಕಾದಿದ ಗಂಗರ ಬೂತುಗನಿಗೆ ಬನವಾಸಿ, ಬೆಳ್ವೊಲ ಸೇರಿ ಐದು ನಾಡು ಸಿಕ್ಕಿತು. ಬೂತುಗ ತನ್ನ ಕಡೆಯ ವೀರ ಮಣಲೆರನಿಗೆ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಪುಣ್ಯಾತ್ಮ ಕೇಳಿದ್ದು ರಾಜನ ನಾಯಿ ಕಾಳಿಯನ್ನ! (ಊರೂ ಸಿಕ್ಕಿತು ಅನ್ನಿ.)

ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಎರಡು ಖಂಡುಗ ಭೂಮಿ ಬಿಟ್ಟರು. ಪೂಜಾರಿ ಕಲ್ಲು ಪೂಜಿಸದೆ ಉಂಡರೆ ಆ ನಾಯಿಯ ಪಾಪ ಅವನಿಗೆ ಅಂತ ಷರತ್ತನ್ನೂ ಕೆತ್ತಿಸಿದರು.

ಕಾಳಿ ಯಾವ ತಳಿ? ಮುಧೋಳ ನಾಯಿಯೇ ಇರಬೇಕು ಅಂತ ಹೇಳೋರು ಸಿಗ್ತಾರೆ. ಮುಧೋಳಕ್ಕೆ ತನ್ನದೇ ದೊಡ್ಡ ಚರಿತ್ರೆ ಇದೆ: ಘೋರ್ಪಡೆ ರಾಜರು ಪೋಷಿಸಿದ್ದು, 2005ರಲ್ಲಿ ಅಂಚೆ ಚೀಟಿ ಬಂದಿದ್ದು, ಆಮೇಲೆ ಸೈನ್ಯಕ್ಕೂ ಸೇರಿದ್ದು. ಕಾಳಿಯನ್ನ ಸಾಲ ತರೋ ಅಗತ್ಯ ಅದಕ್ಕಿಲ್ಲ. ಅದು ಸಣ್ಣ ನಡು, ಉದ್ದ ಕಾಲಿನ ಓಟಗಾರ. ಮೊಲ, ಜಿಂಕೆ ಕಣ್ಣಲ್ಲೇ ಗುರುತಿಸಿ ಬೆನ್ನಟ್ಟೋದು. ಹಂದಿಯನ್ನ ತಡೆದು ನಿಲ್ಲಿಸೋಕೆ ಬೇರೆ ಮೈಕಟ್ಟು ಬೇಕು ಅಂತ ನನ್ನ ಲೆಕ್ಕ. ಶಾಸನ ತಳಿ ಹೇಳೋದೇ ಇಲ್ಲ. ಹೆಸರು ಹೇಳುತ್ತೆ, ಮಾಡಿದ ಕೆಲಸ ಹೇಳುತ್ತೆ, ಅಷ್ಟೇ.

ನಮ್ಮೂರ ಕಡೆ ರಾಗಿ ಹೊಲಕ್ಕೆ ಈಗಲೂ ಹಂದಿ ನುಗ್ಗುತ್ತೆ. ರಾತ್ರಿಯೆಲ್ಲಾ ಬೊಗಳಿ ಅವನ್ನ ಓಡಿಸೋ ಕರಿಯ, ಕೆಂಪನಂಥ ನಾಯಿಗಳ ತಳಿಯನ್ನ ಅಲ್ಲಿ ಯಾರೂ ಕೇಳಲ್ಲ. ಪೇಟೆಯವರು ಅವನ್ನೇ ಕಂತ್ರಿ ಅಂತಾರೆ.

ಕಾಳಿಯ ಕಲ್ಲು ಈಗ ಆತಕೂರಿನಲ್ಲಿಲ್ಲ, ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಸಾಲುಗಟ್ಟಲೆ ಹಳಗನ್ನಡದ ನಡುವೆ ಒಂದು ನಾಯಿ, ಒಂದು ಹಂದಿ, ಇನ್ನೂ ಕಾದಾಡುತ್ತಲೇ ಇವೆ.